ಬೋಗುಣಿಯಾಗಿನ ನಕಾಶಿ

ನಸುಕಿನ್ಯಾಗ ಬಂದ್ರು ಮೂರು ಮಂದಿ,
ದಪ್ಪ ಟೈರಿನ ಸೈಕಲ್ಲು, ತಲಿಗೆ ಟೊಪ್ಪಿಗಿ,
ಚಿಂಚೋಳಿ ನಾಕಾದಾಗಿನ ನನ್ನ ತಗಡಿನ ಅಂಗಡಿ ಮುಂದ.
ಗಾಳಿ ಬ್ಯಾಡಂತ. ಹಾದಿ ಬೇಕಂತ.
'ಡಾಂಬರು ಇರಬಾರದು ಮಶಾಕ್ ಭಾಯಿ,
ಖಡಿ ಇರಬೇಕು, ಏರು ಇರಬೇಕು,
ಲಾರಿ ಬರಬಾರದು.'

ನಗು ಬಂತು.
ಇಪ್ಪತ್ತಾರು ವರ್ಷಾತು, ಈ ಕಟ್ಟಿಗೆ ಕುಂತವರೆಲ್ಲ
ಡಾಂಬರು ಯಾವಾಗ ಬೀಳ್ತದ ಅಂತ ಕೇಳ್ದೋರೇ.

ನಾ ಆ ಗುಡ್ಡ ಏರಿದವನಲ್ಲ.
ಕುಂಚಾವರಂ ಕಾಡು ಬಸ್ಸಿನ ಕಿಡಕಿಯಾಗ ಒಮ್ಮಿ ಕಂಡೀನಿ,
ಅದೂ ಅರ್ಧ ನಿದ್ದಿಯಾಗ, ಮಾವನ ಮಗನ ಲಗ್ನಕ್ಕ ಹೋಗೂವಾಗ.
ಆದ್ರ ಆ ಕಡಿಂದ ಬಂದ ಟ್ಯೂಬು ಎಷ್ಟು ಮುಳುಗಿಸೀನಿ
ಈ ತಗ್ಗು ಬಿದ್ದ ಬೋಗುಣಿಯಾಗ!
ಗುಳ್ಳಿ ಎದ್ದಲ್ಲಿ ಬಟ್ಟು ಇಟ್ರ ಸಾಕು,
ಊರ ಹೆಸರು ಹೇಳ್ತದ ತೂತು.

ಸೂಜಿ ಚುಚ್ಚಿದಂಗಿದ್ರ ಜಾಲಿ ಮುಳ್ಳು,
ಚಂದ್ರಂಪಳ್ಳಿ ಒಡ್ಡಿನ ಮಗ್ಗಲಾಗ ಹಾದು ಬಂದವರು.
ಹಾವು ಕಡದಂಗ ಜೋಡಿ ತೂತಿದ್ರ
ಗಾಳಿ ಕಮ್ಮಿ, ವಜ್ಜಿ ಜಾಸ್ತಿ, ಕೆಂಪು ಕಲ್ಲಿನ ಇಳಿಜಾರು.
ಅದು ತಾಂಡಾದ ಗೇಮು ರಾಠೋಡನೇ, ಎರಡು ಕ್ಯಾನು ಹಾಲು ಹೇರಿಕೊಂಡು;
ಬ್ರೇಕ್ ಹಿಡಿಯಂಗಿಲ್ಲ ಅವ, ಹಾಲು ತುಳುಕ್ತದಂತ.
ಬ್ಲೇಡು ಎಳದಂಗ ಸೀಳಿದ್ರ ಸೇಡಂ ಕಡಿ ಪರಸಿ ಚೂರು.
ಟೈರಿನ ಒಳಗ ತುಪ್ರಿ ಎಲಿ ಮಡಚಿ ತುರುಕಿದ್ದು ಸಿಕ್ರ
ಎಲಿ ಆರಿಸೋ ಹೆಣ್ಮಗಳು ಯಾರೋ
ನಡು ಕಾಡಿನ್ಯಾಗ ತಾನೇ ರಿಪೇರಿ ಮಾಡ್ಕೊಂಡು ಬಂದಾಳ.
ಆ ಎಲಿ ನಾ ಒಗಿಯಂಗಿಲ್ಲ.

ಹಿಂಗಾಗಿ ಸುಣ್ಣದ ಕಡ್ಡಿ ತಗೊಂಡು ಬಾಗಲ ಪರಸಿ ಮ್ಯಾಲ ಬರದೆ:
ಇಲ್ಲಿ ಜಾಲಿ. ಇಲ್ಲಿ ಹಾವು ಕಡೀತದ.
ಇಲ್ಲಿ ಇಳದು ನೂಕ್ರಿ, ಮಾನ ಹೋಗಂಗಿಲ್ಲ.
ಇಲ್ಲಿ ನನಗ ಗೊತ್ತಿಲ್ಲ,
ಅಲ್ಲಿಂದ ಒಂದೂ ಪಂಚರ್ ಬಂದಿಲ್ಲ.

'ಅಂದ್ರ ಹಾದಿ ಛಲೋ ಅದ?' ಅಂದಳು ಬೀದರದ ಉಜ್ವಲಾ.
'ಇಲ್ಲಾ, ಹಾದೀನೇ ಇಲ್ಲ.'
'ಹಂಗಾರ ಅಲ್ಲೇ ಹೋಗೂನು.'

ದೀಪ ಹಚ್ಚೋ ಹೊತ್ತಿಗೆ ವಾಪಸ್ ಬಂದ್ರು,
ಮೊಳಕಾಲ ತನಕ ಕೆಂಪು ಧೂಳು, ಒಡದ ತುಟಿ.
ಗೊತ್ತಿಲ್ಲದ ಜಾಗದಾಗ ಏನದ ಅಂತ ಕೇಳ್ದೆ.
ಬಾಟಲಿ ನೀರು ಪೂರ್ತಿ ಕುಡದು, ತಡದು,
'ಗಾಳಿ' ಅಂದಳು. ಅಷ್ಟೇ.
ಎಂಬತ್ತು ಕಿಲೋಮೀಟರ್, ಒಂದೂ ತೂತಿಲ್ಲ.
ಇಳದು ನಿಲ್ಲಸೂದ್ರಾಗ ಹಿಂದಿನ ಗಾಲಿ ಸುಸ್ ಅಂತು:
ನನ್ನ ಬಾಗಲಾಗ ಬಿದ್ದ ನನ್ನದೇ ಮೊಳಿ.

ರೊಕ್ಕ ತಗೊಳ್ಳಿಲ್ಲ. ಹೆಂಗ ತಗೋಲಿ?

ತ್ಯಾಪಿ ಹಚ್ಚಿದ ಮ್ಯಾಲ ಒಂದು ಸುತ್ತು ಹೊಡದು ನೋಡೂದು ರಿವಾಜು.
ಹತ್ತಿದೆ. ಸೀಟು ಎತ್ತರ, ನೆಲ ಎಟುಕವಲ್ದು.
ಪೆಟ್ರೋಲ್ ಬಂಕು ಹೋಯ್ತು, ಇಟ್ಟಂಗಿ ಭಟ್ಟಿ ಹೋಯ್ತು,
ತಿರುಗಬೇಕು, ತಿರುಗಲಿಲ್ಲ,
ಡಾಂಬರು ಮುಗೀತು.
ಇಷ್ಟೊತ್ತು ಗುಂಯ್ ಅಂತಿದ್ದ ಗಾಲಿ
ಬೀಸೋ ಕಲ್ಲಿನಂಗ ಗರಗರ ಗರಗರ,
ಮೊಣಕೈ ನಡಗಿ, ಹಲ್ಲು ನಡಗಿ, ನಗು ನಡಗಿ.
ಇಷ್ಟು ವರ್ಷ ಬರೇ ತೂತು ಓದಿದವಗ
ಅಕ್ಷರದ ಸಪ್ಪಳ ಕೇಳ್ತು ಮೊದಲ ಸಲ.

ಅವರು ಕಾಯ್ತಿರ್ತಾರಂತ ಹೊಳ್ಳಿ ಬಂದೆ.

ರಾತ್ರಿ ಬೋಗುಣಿ ನೀರು ಚೆಲ್ಲಬೇಕಂದ್ರ
ಚಪ್ಪಲಿ ಸಂದಿನ್ಯಾಗ ಒಂದು ಕೆಂಪು ಹರಳು.
ಎಲ್ಲಿಂದ ಬಂದಿ ಅಂತ ಅದನ್ನೂ ಮುಳುಗಿಸಿದೆ.
ಗುಡ್ಡದ ಕಲ್ಲದು, ಮೈ ತುಂಬ ತೂತು,
ಕಂದೀಲಿನ ಬೆಳಕಿಗೆ
ಎಷ್ಟೊತ್ತಾದರೂ ಗುಳ್ಳಿ ನಿಲ್ಲವಲ್ದು.